ಪ್ರಾಗ್‌ಗೆ ಹೋಗುವವರು ಬರೀ ಯೂರೋ ಕಟ್ಟಿಕೊಂಡು ಹೋಗಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪ್ರವಾಸ ಪುಟದಲ್ಲಿ ಪ್ರಾಗ್ ನಗರದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು, ಚಿತ್ರಗಳು ಇನ್ನೂ ಚೆನ್ನಾಗಿದ್ದವು. ಆದರೆ ಖರ್ಚಿಗೆ ಯೂರೋ ಇದ್ದರೆ ಸಾಕು ಎಂಬರ್ಥದ ಒಂದು ಸಾಲು ಅದರಲ್ಲಿ ನುಸುಳಿದೆ. ಅದನ್ನು ನಂಬಿ ಹೋದವರು ಮೊದಲ ದಿನವೇ ಕೈಸುಟ್ಟುಕೊಳ್ಳುತ್ತಾರೆ. ಚೆಕ್ ಗಣರಾಜ್ಯ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿತು, 2007ರ ಡಿಸೆಂಬರಿನಲ್ಲಿ ಷೆಂಗೆನ್ ವಲಯಕ್ಕೂ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪಿಗೂ ಬಂತು. ಯೂರೋ ಮಾತ್ರ ತೆಗೆದುಕೊಳ್ಳಲಿಲ್ಲ. ಅಲ್ಲಿ ನಡೆಯುವುದು ಕೊರುನಾ. ಒಂದು ಯೂರೋಗೆ ಸುಮಾರು 24-25 ಕೊರುನಾ, ಒಂದು ಕೊರುನಾಕ್ಕೆ ಹೆಚ್ಚು ಕಡಿಮೆ ನಾಲ್ಕು ರೂಪಾಯಿ ಎಂದು ಲೆಕ್ಕ ಇಟ್ಟುಕೊಂಡರೆ ಅಂಗಡಿ ಮುಂದೆ ನಿಂತು ತಲೆ ಕೆರೆದುಕೊಳ್ಳಬೇಕಾಗಿಲ್ಲ. ಪ್ರವಾಸಿಗರು ತುಂಬಿದ ಬೀದಿಗಳಲ್ಲಿ ಯೂರೋ ನೋಟು ಕೊಟ್ಟರೆ ಬೇಡ ಅನ್ನುವುದಿಲ್ಲ, ನಿಜ. ಆದರೆ ದರ ಅಂಗಡಿಯವನದು, ಚಿಲ್ಲರೆ ವಾಪಸು ಬರುವುದು ಕೊರುನಾದಲ್ಲಿ.

ಪ್ರಾಗ್‌ನಲ್ಲಿ ನಮ್ಮವರು ದುಡ್ಡು ಕಳೆದುಕೊಳ್ಳುವುದು ಜೇಬುಗಳ್ಳರಿಂದ ಮಾತ್ರ ಅಲ್ಲ, ಯಂತ್ರದ ಮುಂದೆ ತಪ್ಪು ಗುಂಡಿ ಒತ್ತುವುದರಿಂದಲೂ. ಎಟಿಎಂನಲ್ಲಿ ಹಣ ತೆಗೆಯುವಾಗ ಕೊನೆಗೆ ಒಂದು ಪ್ರಶ್ನೆ ಬರುತ್ತದೆ: ನಿಮ್ಮ ರೂಪಾಯಿಗೆ ಇಲ್ಲೇ ಪರಿವರ್ತಿಸಿ ಕೊಡಲೇ? ರೂಪಾಯಿಯ ಅಂಕಿ ಕಂಡ ತಕ್ಷಣ ಮನಸ್ಸಿಗೆ ಹಿತವೆನಿಸಿ ‘ಹೂಂ’ ಎಂದು ಒತ್ತುತ್ತೇವೆ. ಹಾಗೆ ಒತ್ತಿದರೆ ದರ ಹಾಕುವವರು ಆ ಯಂತ್ರದವರು, ನಷ್ಟ ಕೆಲವೊಮ್ಮೆ ನೂರಕ್ಕೆ ಹತ್ತರವರೆಗೂ ಹೋಗುತ್ತದೆ. ಬೇಡ ಎಂದು ಒತ್ತಿದರೂ ಹಣ ಬರುತ್ತದೆ. ಆಗ ದರ ಹಾಕುವುದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡಿನ ಜಾಲ ಮತ್ತು ನಿಮ್ಮ ಬ್ಯಾಂಕು. ಹೋಟೆಲಿನಲ್ಲಿ, ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗಲೂ ಇದೇ ಪ್ರಶ್ನೆ ಬರುತ್ತದೆ. ಎಲ್ಲ ಕಡೆಯೂ ಕೊರುನಾವನ್ನೇ ಆರಿಸಿ. ಬೀದಿ ಮೂಲೆಯಲ್ಲಿ, ಸ್ಮಾರಕಗಳ ಪಕ್ಕದಲ್ಲಿ ಒಂಟಿಯಾಗಿ ನಿಂತ ಯಂತ್ರಗಳಿಗಿಂತ ಬ್ಯಾಂಕಿನ ಗೋಡೆಯಲ್ಲಿ ಕೂರಿಸಿದ ಎಟಿಎಂ ವಾಸಿ.

ಇಲ್ಲಿಂದ ಫಾರೆಕ್ಸ್ ಕಾರ್ಡ್ (ವಿದೇಶಿ ಹಣವನ್ನು ಮೊದಲೇ ತುಂಬಿಸಿಟ್ಟ ಕಾರ್ಡ್) ಮಾಡಿಸಿಕೊಂಡು ಹೋಗುವವರು ಇನ್ನೊಂದು ವಿಷಯ ಕೇಳಿಕೊಳ್ಳಬೇಕು. ನಮ್ಮ ಬ್ಯಾಂಕುಗಳ ಫಾರೆಕ್ಸ್ ಕಾರ್ಡಿನಲ್ಲಿ ಯೂರೋ, ಡಾಲರ್, ಪೌಂಡ್ ಇರುತ್ತವೆ, ಸಾಮಾನ್ಯವಾಗಿ ಕೊರುನಾ ಇರುವುದಿಲ್ಲ. ಯೂರೋ ತುಂಬಿಸಿದ ಕಾರ್ಡನ್ನು ಪ್ರಾಗ್‌ನಲ್ಲಿ ಉಜ್ಜಿದರೆ ಪ್ರತಿ ಬಾರಿಯೂ ಬೇರೆ ಕರೆನ್ಸಿ ಎಂದು ಪ್ರತ್ಯೇಕ ಶುಲ್ಕ ಬೀಳುತ್ತದೆ. ವಿದೇಶಿ ಬಳಕೆಗೆ ಮಾರ್ಕಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ) ಇಲ್ಲದ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಮನೆಯಲ್ಲಿ ಯಾರ ಬಳಿಯಾದರೂ ಇದ್ದರೆ ಅದೇ ಒಳ್ಳೆಯದು. ಅದರಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಊರು ಬಿಡುವ ಮೊದಲೇ ಆನ್ ಮಾಡಿಕೊಳ್ಳಿ, ಎಟಿಎಂ, ಅಂಗಡಿ, ಟ್ಯಾಪ್ ಮೂರನ್ನೂ ಬೇರೆ ಬೇರೆಯಾಗಿ. ಅಲ್ಲಿ ಹೋದಮೇಲೆ ಆನ್ ಮಾಡಲು ಹೊರಟರೆ ಒಟಿಪಿ ಬರುವುದು ಇಲ್ಲಿನ ಸಿಮ್‌ಗೆ, ಅದಕ್ಕೆ ರೋಮಿಂಗ್ ಇಲ್ಲದಿದ್ದರೆ ಸಿಗುವುದಿಲ್ಲ.

ನೋಟು ಬದಲಿಸುವ ಅಂಗಡಿಗಳು ಹಳೇ ಪಟ್ಟಣದ ಗಲ್ಲಿ ಗಲ್ಲಿಯಲ್ಲಿವೆ. ಕಮಿಷನ್ ಸೊನ್ನೆ ಎಂಬ ಫಲಕಕ್ಕೆ ಅರ್ಥವಿಲ್ಲ, ನೋಡಬೇಕಾದದ್ದು ದರ. ನೂರು ಯೂರೋ ಕೊಟ್ಟರೆ ಕೈಗೆ ಎಷ್ಟು ಕೊರುನಾ ಬರುತ್ತದೆ ಎಂದು ನೋಟು ಕೊಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಮೋಸ ಹೋದರೂ ದಾರಿ ಇದೆ, ಇದನ್ನು ಟೂರ್ ಮ್ಯಾನೇಜರುಗಳೂ ಹೇಳುವುದಿಲ್ಲ: 2019ರ ಏಪ್ರಿಲ್‌ನಿಂದ ಅಲ್ಲಿನ ಕಾನೂನಿನಂತೆ ಸಾವಿರ ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಬಹುದು. ಅದೇ ಅಂಗಡಿಗೆ ರಸೀದಿ ಸಮೇತ ಹೋಗಿ ಕೊರುನಾ ವಾಪಸು ಕೊಟ್ಟರೆ ನಿಮ್ಮ ಯೂರೋ ವಾಪಸು ಕೊಡಲೇಬೇಕು. ರಸೀದಿ ಇಲ್ಲದಿದ್ದರೆ ಕಾನೂನೂ ಇಲ್ಲ. ಬೀದಿಯಲ್ಲಿ ಹತ್ತಿರ ಬಂದು ಒಳ್ಳೆ ದರ ಕೊಡುತ್ತೇನೆ ಅನ್ನುವವನಿಗಂತೂ ಈ ಕಾನೂನು ತಾಗುವುದೇ ಇಲ್ಲ. ಅವನು ಕೊಡುವುದು ಚಲಾವಣೆ ನಿಂತ ಬೆಲಾರೂಸಿನ ನೋಟೋ ಮತ್ತಾವುದೋ ಬೆಲೆಯಿಲ್ಲದ ನೋಟೋ ಆಗಿರುತ್ತದೆ. ಕೊರುನಾ ನೋಟನ್ನು ಗುರುತಿಸುವುದು ಕಷ್ಟವಲ್ಲ. ನೂರರ ಮೇಲೆ ನಾಲ್ಕನೇ ಚಾರ್ಲ್ಸ್ ದೊರೆ, ಇನ್ನೂರರ ಮೇಲೆ ಶಿಕ್ಷಣತಜ್ಞ ಕೊಮೆನ್ಸ್ಕಿ, ಐನೂರರ ಮೇಲೆ ಲೇಖಕಿ ಬೊಜೆನಾ ನ್ಯೆಮ್ತ್ಸೊವಾ, ಸಾವಿರದ ಮೇಲೆ ಇತಿಹಾಸಕಾರ ಪಲಾತ್ಸ್ಕಿ, ಎರಡು ಸಾವಿರದ ಮೇಲೆ ಗಾಯಕಿ ಎಮ್ಮಾ ಡೆಸ್ಟಿನೊವಾ. ಇಪ್ಪತ್ತು, ಐವತ್ತು ಬರುವುದು ನಾಣ್ಯದಲ್ಲಿ. ಐವತ್ತರ ನೋಟು ಕೈಗೆ ಬಂತೆಂದರೆ ಅದು ಈಗ ನಡೆಯುವ ಹಣವಲ್ಲ.

ಇನ್ನು ಮೆಟ್ರೊ, ಟ್ರಾಮ್. ನಮ್ಮ ಮೆಟ್ರೊದಂತೆ ಅಲ್ಲಿ ಗೇಟ್ ಇಲ್ಲ, ಟೋಕನ್ ಇಲ್ಲ, ತಡೆಯುವವರೂ ಇಲ್ಲ. ನೇರವಾಗಿ ಎಸ್ಕಲೇಟರ್ ಇಳಿದು ರೈಲು ಹತ್ತಬಹುದು. ತಪ್ಪು ಆಗುವುದು ಇಲ್ಲೇ. ಟಿಕೆಟ್ ಕೊಂಡರೆ ಮುಗಿಯಲಿಲ್ಲ. ಎಸ್ಕಲೇಟರಿನ ಮೊದಲು, ಟ್ರಾಮ್ ಬಸ್ಸುಗಳಲ್ಲಿ ಬಾಗಿಲ ಬಳಿ ಇರುವ ಪುಟ್ಟ ಹಳದಿ ಪೆಟ್ಟಿಗೆಯ ಬಾಯಿಗೆ ಬಾಣದ ಗುರುತು ನೋಡಿ ತೂರಿಸಿ ಸಮಯದ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದಂತೆಯೇ. ಮಾಮೂಲಿ ಬಟ್ಟೆಯಲ್ಲಿರುವ ಚೆಕಿಂಗ್‌ನವರು ಬಿಲ್ಲೆ ತೋರಿಸಿ ಕೇಳಿದಾಗ ‘ಟಿಕೆಟ್ ಇದೆಯಲ್ಲಾ ಸ್ವಾಮಿ’ ಎಂದು ವಾದಿಸಿ ಪ್ರಯೋಜನವಿಲ್ಲ, ದಂಡ ಸಾವಿರ ಕೊರುನಾಕ್ಕೆ ಕಡಿಮೆಯಿಲ್ಲ. ಟಿಕೆಟ್ಟುಗಳು ದೂರದ ಲೆಕ್ಕದವಲ್ಲ, ಹೊತ್ತಿನ ಲೆಕ್ಕದವು: 30 ನಿಮಿಷ, 90 ನಿಮಿಷ, 24 ಗಂಟೆ, 72 ಗಂಟೆ. ಆ ಅವಧಿಯಲ್ಲಿ ಮೆಟ್ರೊ, ಟ್ರಾಮ್, ಬಸ್ ಎಷ್ಟು ಬಾರಿ ಬೇಕಾದರೂ ಬದಲಿಸಬಹುದು. 24 ಗಂಟೆಯ ಟಿಕೆಟ್ಟಿಗೂ ಮುದ್ರೆ ಒಂದೇ ಸಲ. ಪ್ರತಿ ಹತ್ತುವಿಕೆಗೂ ಒತ್ತಿಸುತ್ತ ಹೋದರೆ ಅದೂ ಅಮಾನ್ಯ. ಟ್ರಾಮ್ ಒಳಗೆ ಕಾರ್ಡ್ ತಾಗಿಸಿ ಟಿಕೆಟ್ ಪಡೆಯುವ ಯಂತ್ರ ಇದೆ, ಅದರಲ್ಲಿ ಬಂದ ಟಿಕೆಟ್ಟಿಗೆ ಮತ್ತೆ ಮುದ್ರೆ ಬೇಡ. ಮೊಬೈಲ್ ಆ್ಯಪ್‌ನಲ್ಲಿ ಕೊಂಡರೆ ಟಿಕೆಟ್ ಜೀವ ಪಡೆಯಲು ಒಂದೆರಡು ನಿಮಿಷ ಬೇಕು. ಚೆಕಿಂಗ್‌ನವರನ್ನು ನೋಡಿದ ಮೇಲೆ ಫೋನ್ ತೆಗೆಯುವವರಿಗಾಗಿಯೇ ಮಾಡಿದ ವ್ಯವಸ್ಥೆ ಅದು. 15 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ವಯಸ್ಸಿಗೆ ಪುರಾವೆ ಮಾತ್ರ ಜೊತೆಯಲ್ಲಿರಬೇಕು.

ವಿಮಾನ ನಿಲ್ದಾಣಕ್ಕೆ ಮೆಟ್ರೊ ಇಲ್ಲ. 2024ರ ಮಾರ್ಚಿನವರೆಗೆ 119 ನಂಬರಿನ ಬಸ್ಸು ಹೋಗುತ್ತಿತ್ತು, ಹಳೆಯ ಮಾರ್ಗದರ್ಶಿಗಳಲ್ಲಿ ಇನ್ನೂ ಅದೇ ಇದೆ. ಈಗ ಆ ದಾರಿಯಲ್ಲಿ ಓಡುವುದು 59 ನಂಬರಿನ ಟ್ರಾಲಿ ಬಸ್. ನಾದ್ರಾಜಿ ವೆಲೆಸ್ಲವೀನ್ ಎಂಬ ನಿಲ್ದಾಣದಲ್ಲಿ ಇಳಿದು ಹಸಿರು ‘ಎ’ ಮಾರ್ಗದ ಮೆಟ್ರೊ ಹಿಡಿದರೆ ಊರ ನಡುವಿಗೆ ಬರಬಹುದು. 90 ನಿಮಿಷದ ಒಂದು ಟಿಕೆಟ್ ಎರಡಕ್ಕೂ ಆಗುತ್ತದೆ. ಬರ್ಲಿನ್ ಕಡೆಯಿಂದ ರೈಲಿನಲ್ಲಿ ಬರುವವರು ಹೊಲೆಶೊವಿತ್ಸೆ ನಿಲ್ದಾಣದಲ್ಲಿ ‘ಪ್ರಾಹಾ’ (ಪ್ರಾಗ್‌ನ ಚೆಕ್ ಹೆಸರು) ಎಂದು ಬರೆದಿರುವುದನ್ನು ನೋಡಿ ಇಳಿದುಬಿಡುತ್ತಾರೆ. ಮುಖ್ಯ ನಿಲ್ದಾಣ ಅದಲ್ಲ, ಹ್ಲಾವ್ನಿ ನಾದ್ರಾಜಿ. ಫಲಕದ ಮೇಲೆ ಮೊಟಕಾಗಿ ‘ಹೆಚ್‌ಎಲ್. ಎನ್.’ ಎಂದಿರುತ್ತದೆ. ರಸ್ತೆ ದಾಟುವಾಗ ಕಾರುಗಳು ಜೀಬ್ರಾ ಪಟ್ಟೆಗೆ ನಿಲ್ಲುತ್ತವೆ, ಟ್ರಾಮ್ ನಿಲ್ಲುವುದಿಲ್ಲ. ಅಲ್ಲಿನ ನಿಯಮದಂತೆ ಪಾದಚಾರಿಯೇ ಟ್ರಾಮಿಗೆ ದಾರಿ ಬಿಡಬೇಕು.

ನಿಮ್ಮ ಲೇಖನ ಹಳೇ ಪಟ್ಟಣದ ಚೌಕದ ಖಗೋಳ ಗಡಿಯಾರಕ್ಕೆ ಎರಡೇ ಸಾಲು ಕೊಟ್ಟಿದೆ, ಅದರಲ್ಲಿ ಒಂದು ತಪ್ಪು. ಹನುಶ್ ಎಂಬ ಕುಶಲಕರ್ಮಿ ಇದನ್ನು ಮಾಡಿದ, ಇನ್ನೊಂದು ಇಂಥದ್ದು ಮಾಡಬಾರದೆಂದು ಅವನ ಕಣ್ಣು ಕೀಳಿಸಿದರು ಎಂಬುದು ದಂತಕತೆ. ದಾಖಲೆಗಳ ಪ್ರಕಾರ 1410ರಲ್ಲಿ ಇದನ್ನು ಕಟ್ಟಿದವನು ಕಾದಾನ್ ಊರಿನ ಮಿಕುಲಾಶ್. ಜನ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ನಡೆಯುವ ಗೊಂಬೆಯಾಟ ನೋಡಲು ಹತ್ತು ನಿಮಿಷ ಮೊದಲೇ ಕತ್ತೆತ್ತಿ ನಿಲ್ಲುತ್ತಾರೆ. ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಯೇಸುವಿನ ಹನ್ನೆರಡು ಶಿಷ್ಯರಾದ ಅಪೊಸ್ತಲರು ಕಿಟಕಿಯಲ್ಲಿ ಮುಖ ತೋರಿಸಿ ಹೋಗುತ್ತಾರೆ, ಕೋಳಿ ಕೂಗುತ್ತದೆ. ಒಂದು ನಿಮಿಷವೂ ಇಲ್ಲ, ಇಷ್ಟೇನಾ ಎಂದು ಜನ ಚದುರುತ್ತಾರೆ. ಜೇಬುಗಳ್ಳರಿಗೆ ಮಾತ್ರ ಹತ್ತು ನಿಮಿಷದ ಕೆಲಸ ಸಿಕ್ಕಿರುತ್ತದೆ.

ನಿಜವಾಗಿ ನೋಡಬೇಕಾದದ್ದು ಆಟ ಮುಗಿದು ಜಾಗ ಖಾಲಿಯಾದ ಮೇಲೆ, ಮೇಲಿನ ದೊಡ್ಡ ಮುಖಫಲಕವನ್ನು. ಪಂಚಾಂಗ ತಿರುವಿದ ಅಭ್ಯಾಸ ಇರುವ ಕನ್ನಡಿಗರಿಗೆ ಅದು ಬೇರೆ ಪ್ರವಾಸಿಗರಿಗಿಂತ ಬೇಗ ಅರ್ಥವಾಗುತ್ತದೆ. ಒಳಗಡೆ ಓರೆಯಾಗಿ ಕೂತ ಉಂಗುರ ರಾಶಿಚಕ್ರ, ಅದರ ಮೇಲೆ ಜಾರುವ ಬಂಗಾರದ ಸೂರ್ಯ. ನೀಲಿ ಭಾಗ ಹಗಲು, ಕೆಂಪು ಛಾಯೆ ಉಷೆ ಮತ್ತು ಸಂಜೆ, ಕೆಳಗಿನ ಕಪ್ಪು ವೃತ್ತ ರಾತ್ರಿ. ನೀಲಿ ಭಾಗವನ್ನು ಬಾಗಿದ ಬಂಗಾರದ ಗೆರೆಗಳು ಹನ್ನೆರಡು ಪಾಲು ಮಾಡುತ್ತವೆ: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಹನ್ನೆರಡಾಗಿ ಹಂಚಿದ ಹಳೆಯ ಗಂಟೆಗಳು. ಬೇಸಿಗೆಯಲ್ಲಿ ಉದ್ದ, ಚಳಿಗಾಲದಲ್ಲಿ ಗಿಡ್ಡ. ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಎಲ್ಲಕ್ಕಿಂತ ಹೊರಗಿನ ಕಪ್ಪು ಉಂಗುರದಲ್ಲಿ ಹಳೇ ಲಿಪಿಯ 1ರಿಂದ 24ರ ಅಂಕಿಗಳಿವೆ, ಅದು ಹಳೆಯ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ನಾಡಿನ ಲೆಕ್ಕ. ಅಲ್ಲಿ ದಿನ ಮುಗಿಯುವುದು ಸೂರ್ಯಾಸ್ತಕ್ಕೆ. 24 ಎಂಬ ಅಂಕಿ ಯಾವಾಗಲೂ ಮುಳುಗುವ ಹೊತ್ತಿಗೆ ನಿಲ್ಲಬೇಕಾದ್ದರಿಂದ ಆ ಉಂಗುರವೇ ವರ್ಷವಿಡೀ ಹಿಂದೆ ಮುಂದೆ ಸರಿಯುತ್ತದೆ. ಅರ್ಧ ಬೆಳ್ಳಿ ಅರ್ಧ ಕಪ್ಪು ಬಳಿದ ಚಂದ್ರನ ಗುಂಡು ತನ್ನಷ್ಟಕ್ಕೆ ತಿರುಗುತ್ತ ಶುಕ್ಲಪಕ್ಷ, ಕೃಷ್ಣಪಕ್ಷ ತೋರಿಸುತ್ತದೆ. ಒಂದು ಎಚ್ಚರ: ರಾಶಿಯಲ್ಲಿ ನಮ್ಮ ಲೆಕ್ಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಅದು ಸಾಯನ (ವಿಷುವದಿಂದ ಎಣಿಸುವ ಲೆಕ್ಕ), ನಮ್ಮದು ನಿರಯನ (ನಕ್ಷತ್ರಗಳಿಂದ ಎಣಿಸುವ ಲೆಕ್ಕ). ಅಲ್ಲಿ ಸೂರ್ಯ ಮೇಷಕ್ಕೆ ಕಾಲಿಡುವುದು ಮಾರ್ಚ್ 20-21ಕ್ಕೆ, ನಮ್ಮ ಮೇಷ ಸಂಕ್ರಮಣ ಏಪ್ರಿಲ್ 14ರ ಆಸುಪಾಸು. ನಡುವಿನ ಸುಮಾರು 24 ಡಿಗ್ರಿಯೇ ಅಯನಾಂಶ. ಗಡಿಯಾರ ಕೆಟ್ಟಿದೆ ಎಂದುಕೊಳ್ಳಬೇಡಿ.

ಗುಡ್ಡದ ಮೇಲಿನ ಪ್ರಾಗ್ ಕೋಟೆಗೆ ಎಲ್ಲರೂ ಕೆಳಗಿನಿಂದ ಮೆಟ್ಟಿಲು ಹತ್ತುತ್ತಾರೆ, ಮೊಣಕಾಲು ನೋವಿನ ಹಿರಿಯರನ್ನೂ ಹತ್ತಿಸುತ್ತಾರೆ. ಅದರ ಅಗತ್ಯ ಇಲ್ಲ. 22 ನಂಬರಿನ ಟ್ರಾಮ್ ಗುಡ್ಡದ ಮೇಲೆಯೇ ಹೋಗುತ್ತದೆ. ಪ್ರಾಜ್ಸ್ಕಿ ಹ್ರಾದ್ ನಿಲ್ದಾಣದಲ್ಲಿ ಇಳಿದರೆ ಕೋಟೆಯ ಉತ್ತರ ಬಾಗಿಲು ಹತ್ತಿರ. ಇನ್ನೂ ಮುಂದೆ ಪೊಹೊರ್ಜೆಲೆತ್ಸ್‌ನಲ್ಲಿ ಇಳಿದರೆ ಇಳಿಜಾರಿನಲ್ಲೇ ನಡೆದು ಬರಬಹುದು. ಬರುವಾಗ ಮೆಟ್ಟಿಲು ಇಳಿದರಾಯಿತು. ಈ ಟ್ರಾಮಿನ ನೂಕುನುಗ್ಗಲಿನಲ್ಲಿ ಬೆನ್ನಿನ ಚೀಲ ಎದೆಯ ಮೇಲಿರಲಿ. ಒಳಗಿನ ಸೇಂಟ್ ವೈಟಸ್ ಕೆಥೆಡ್ರಲ್‌ಗೆ 1344ರಲ್ಲಿ ಅಡಿಗಲ್ಲು ಬಿತ್ತು, ಪೂರ್ತಿಯಾದದ್ದು 1929ರಲ್ಲಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನ ಹನ್ನೆರಡರ ಮೇಲೆಯೇ ಪ್ರವೇಶ. ಭಾನುವಾರ ಬೆಳಿಗ್ಗೆ ಕೋಟೆ, ಮಧ್ಯಾಹ್ನ ಬಸ್ಸು ಎಂದು ಕಾರ್ಯಕ್ರಮ ಹಾಕುವ ಪ್ಯಾಕೇಜಿನವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ಕೋಟೆಯ ಟಿಕೆಟ್ ಎರಡು ದಿನ ನಡೆಯುತ್ತದೆ, ಪ್ರತಿ ಕಟ್ಟಡಕ್ಕೆ ಒಮ್ಮೆ. ಎಲ್ಲವನ್ನೂ ಒಂದೇ ಬೆಳಿಗ್ಗೆ ಓಡಾಡಿ ಮುಗಿಸಬೇಕೆಂದಿಲ್ಲ. ಯೆಹೂದಿ ಕೇರಿ ಯೋಸೆಫೊವ್‌ನ ಸಿನಗಾಗ್‌ಗಳು (ಯೆಹೂದಿಗಳ ಪ್ರಾರ್ಥನಾ ಮಂದಿರಗಳು), ಹಳೆಯ ಸ್ಮಶಾನ ಶನಿವಾರ ಮುಚ್ಚಿರುತ್ತವೆ. ಅಲ್ಲಿನ ಪಿಂಕಾಸ್ ಸಿನಗಾಗ್‌ನ ಗೋಡೆಗಳ ಮೇಲೆ ನಾತ್ಸಿಗಳ ಕೈಯಲ್ಲಿ ಸತ್ತ ಸುಮಾರು 78 ಸಾವಿರ ಯೆಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಅರ್ಧ ದಿನ ತೆಗೆದಿಡಿ. ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಆರೂವರೆಗೆ ಹೋಗಿ. 1357ರಲ್ಲಿ ಶುರುವಾದ, ಅರ್ಧ ಕಿಲೋಮೀಟರಿಗಿಂತ ತುಸು ಉದ್ದದ ಆ ಸೇತುವೆಯ ಕಲ್ಲುಹಾಸು ಹತ್ತು ಗಂಟೆಯ ಮೇಲೆ ಕಾಣುವುದಿಲ್ಲ, ಬರೀ ತಲೆಗಳು. ಊರೆಲ್ಲ ಗುಂಡುಕಲ್ಲಿನ ಹಾಸು, ಸಣ್ಣ ಗಾಲಿಯ ಸೂಟ್‌ಕೇಸ್ ಎಳೆದರೆ ಗಾಲಿ ಕಿತ್ತುಬರುತ್ತದೆ. ಚಪ್ಪಟೆ ಅಟ್ಟೆಯ ಶೂ ಹಾಕಿಕೊಂಡು ಹೋಗಿ.

ಊಟದ ವಿಷಯ. ಮಾಂಸಾಹಾರಿಗಳಿಗೆ ಒಂದೇ ಮಾತು: ಹಳೇ ಪಟ್ಟಣದ ಚೌಕದಲ್ಲಿ ಬೆಂಕಿಯ ಮೇಲೆ ತಿರುಗುವ ಹಂದಿಯ ತೊಡೆಯ ದರ ಫಲಕದಲ್ಲಿರುವುದು ನೂರು ಗ್ರಾಮಿಗೆ. ಕತ್ತಿ ಹಿಡಿದವನು ಮುನ್ನೂರು ನಾನೂರು ಗ್ರಾಂ ಕೊಯ್ದು ಹಾಕಿದ ಮೇಲೆ ತಕ್ಕಡಿ ನೋಡುವುದಲ್ಲ. ಎಷ್ಟು ಗ್ರಾಂ ಬೇಕೆಂದು ಮೊದಲೇ ಹೇಳಬೇಕು. ಸಸ್ಯಾಹಾರಿಗಳ ಪಾಡು ಬೇರೆ. ಸೂಪಿನಲ್ಲಿ ತರಕಾರಿ ಮಾತ್ರ ಕಂಡರೂ ನೀರು ಮೂಳೆ ಬೇಯಿಸಿದ್ದಿರಬಹುದು. ಎಲ್ಲ ಕಡೆ ಸಿಗುವುದು ‘ಸ್ಮಜೆನಿ ಸೀರ್’, ಅಂದರೆ ದಪ್ಪ ಚೀಸಿನ ಹೋಳಿಗೆ ಬ್ರೆಡ್ ಪುಡಿ ಮೆತ್ತಿ ಕರಿದದ್ದು. ಮೇಲುಹೊದಿಕೆಯಲ್ಲಿ ಮೊಟ್ಟೆ ಇರುತ್ತದೆ, ಪಕ್ಕದ ಬಿಳಿ ಸಾಸಿನಲ್ಲೂ ಇರುತ್ತದೆ, ಎಣ್ಣೆ ಮಾಂಸ ಕರಿದದ್ದೇ ಇರಬಹುದು. ‘ಬ್ರಾಂಬೊರಾಕ್’ ಎಂಬ ಆಲೂಗಡ್ಡೆ ದೋಸೆ ನೋಡಲು ನಮ್ಮದೇ ಅನಿಸುತ್ತದೆ. ಅದರಲ್ಲೂ ಮೊಟ್ಟೆ, ಕೆಲವೆಡೆ ಹಂದಿಕೊಬ್ಬಿನಲ್ಲಿ ಕರಿಯುತ್ತಾರೆ. ಎರಡು ಮಾತು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ‘ಬೆಜ್ ಮಸಾ’, ಮಾಂಸ ಬೇಡ, ‘ಬೆಜ್ ಸಾದ್ಲಾ’, ಹಂದಿಕೊಬ್ಬು ಬೇಡ. ತೂಕದ ಲೆಕ್ಕದಲ್ಲಿ ಅನ್ನ, ಬೇಳೆ, ಪಲ್ಯ ಹಾಕಿಸಿಕೊಳ್ಳುವ ಸಸ್ಯಾಹಾರಿ ಊಟದ ಮನೆಗಳು ಊರಿನಲ್ಲಿವೆ, ಇಳಿಯುವ ಜಾಗದ ಹತ್ತಿರ ಯಾವುದಿದೆ ಎಂದು ಮೊದಲೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ನಲ್ಲಿ ನೀರು ಕುಡಿಯಬಹುದು. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಲು ಅಡ್ಡಿಯಿಲ್ಲ, ತುಪ್ಪ, ಖೋವಾ, ಪನೀರ್ ಮಾತ್ರ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವನ್ನೂ ಬಿಟ್ಟುಬಿಡಿ.

ವೀಸಾ ಬಗ್ಗೆ ಲೇಖನ ಏನೂ ಹೇಳಿಲ್ಲ. ಬೇಕಾದದ್ದು ಷೆಂಗೆನ್ ವೀಸಾ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇಪಕ್ಷ 15 ದಿನ ಮೊದಲು ಹಾಕಿರಲೇಬೇಕು. ಬೇಸಿಗೆ ರಜೆಗೆ ಹೋಗುವವರು ಫೆಬ್ರುವರಿಯಲ್ಲೇ ಮುಗಿಸುವುದು ಕ್ಷೇಮ. ಅರ್ಜಿ ಹಾಕಬೇಕಾದದ್ದು ಹೆಚ್ಚು ರಾತ್ರಿ ತಂಗುವ ದೇಶಕ್ಕೆ, ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಬೇಗ ಸ್ಲಾಟ್ ಸಿಗುತ್ತದೆಂದು ಬೇರೆ ದೇಶಕ್ಕೆ ಅರ್ಜಿ ಹಾಕಿ, ಅಲ್ಲಿನ ಹೋಟೆಲ್ ಬುಕಿಂಗ್ ತೋರಿಸಿ ರದ್ದು ಮಾಡುವ ಚಾಳಿ ಗಡಿಯಲ್ಲಿ ಸಿಕ್ಕಿಬೀಳುವ ದಾರಿ. ಪ್ರಯಾಣ ವಿಮೆ ಕನಿಷ್ಠ 30 ಸಾವಿರ ಯೂರೋದ್ದು, ಷೆಂಗೆನ್ ದೇಶಗಳೆಲ್ಲವನ್ನೂ ಒಳಗೊಂಡದ್ದಾಗಿರಬೇಕು. ಸಿಂಗಲ್ ಎಂಟ್ರಿ ವೀಸಾದಲ್ಲಿ ನಡುವೆ ಷೆಂಗೆನ್ ಹೊರಗಿನ ಲಂಡನ್ನಿಗೆ ಹೋದರೆ ವಾಪಸು ಬರಲಾಗದು.

ಬೆಂಗಳೂರಿನಿಂದ ಪ್ರಾಗ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಇಮಿಗ್ರೇಷನ್ ಆಗುವುದು ಪ್ರಾಗ್‌ನಲ್ಲಲ್ಲ, ಫ್ರಾಂಕ್‌ಫರ್ಟ್‌ನಲ್ಲೇ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಗಡಿ ನೋಂದಣಿ ಪದ್ಧತಿಯಲ್ಲಿ ಮೊದಲ ಸಲ ಬರುವವರ ಬೆರಳಚ್ಚು, ಮುಖಚಿತ್ರ ತೆಗೆದುಕೊಳ್ಳುತ್ತಾರೆ, ಸಾಲು ನಿಧಾನ. ಅಗ್ಗವೆಂದು ವಿಮಾನ ಬದಲಿಸಲು ಒಂದೇ ಗಂಟೆ ಸಿಗುವ ಟಿಕೆಟ್ ಕೊಳ್ಳಬೇಡಿ, ಮೂರು ಗಂಟೆ ಇರಲಿ.

ಇಷ್ಟೆಲ್ಲ ತೊಂದರೆಪಟ್ಟು ಹೋಗಿ ‘ಹತ್ತು ದಿನ, ಆರು ದೇಶ’ದ ಬಸ್ಸಿನಲ್ಲಿ ಪ್ರಾಗ್‌ಗೆ ಅರ್ಧ ದಿನ ಕೊಡುವುದು ದುಡ್ಡು ದಂಡ. ಮೂರು ರಾತ್ರಿ ಬೇಕು. ಹೋಟೆಲಿನಲ್ಲಿ ತಲೆಗೆ ರಾತ್ರಿಗೆ 50 ಕೊರುನಾ ನಗರ ತೆರಿಗೆ ಬೇರೆಯಾಗಿ ಕೇಳಿದರೆ ಮೋಸವೆಂದು ಜಗಳಕ್ಕೆ ನಿಲ್ಲಬೇಡಿ, ಅದು ನಿಯಮ. ಸೆಪ್ಟೆಂಬರ್ 28, ಅಕ್ಟೋಬರ್ 28ರಂಥ ರಾಷ್ಟ್ರೀಯ ರಜೆಗಳಲ್ಲಿ ದೊಡ್ಡ ಅಂಗಡಿಗಳು ಕಾನೂನಿನಂತೆ ಮುಚ್ಚಿರುತ್ತವೆ, ಹಿಂದಿನ ದಿನವೇ ಬ್ರೆಡ್ಡು ಹಣ್ಣು ತಂದಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು.

ಮೂರನೆಯ ದಿನಕ್ಕೆ ಒಂದು ಸಲಹೆ, ಮುಖ್ಯವಾಗಿ ಮೈಸೂರಿನವರಿಗೆ. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾದ, ಮುಂದೆ ಯೆಜ್ಡಿ ಎಂಬ ಹೆಸರು ಪಡೆದು 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಊರೂರು ಸುತ್ತಿದ ಜಾವಾ ಬೈಕಿನ ತವರು ಈ ಪ್ರಾಗ್. ಫ್ರಾಂತಿಶೆಕ್ ಯಾನೆಚೆಕ್ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಬೈಕ್ ತಯಾರಿಕೆಯ ಹಕ್ಕು ಕೊಂಡು, ತನ್ನ ಮನೆತನದ ಹೆಸರಿನ ಮೊದಲ ಎರಡು ರೋಮನ್ ಅಕ್ಷರಕ್ಕೆ (JA) ಆ ಕಂಪನಿಯ ಹೆಸರಿನ ಮೊದಲ ಎರಡು ಅಕ್ಷರ (WA) ಸೇರಿಸಿದ್ದೇ ಜಾವಾ. ಲೆಟ್ನಾ ಗುಡ್ಡದ ರಾಷ್ಟ್ರೀಯ ತಾಂತ್ರಿಕ ಸಂಗ್ರಹಾಲಯದ ವಾಹನಗಳ ದೊಡ್ಡ ಹಜಾರದಲ್ಲಿ ರೈಲು ಇಂಜಿನ್, ಹಳೇ ಕಾರು, ಮೇಲೆ ತೂಗುಬಿಟ್ಟ ವಿಮಾನಗಳ ನಡುವೆ ಮೋಟಾರ್ ಸೈಕಲ್ಲುಗಳೂ ಇವೆ. ಟ್ರಾಮಿನಲ್ಲಿ ಲೆಟೆನ್ಸ್ಕೆ ನಾಮ್ಯೆಸ್ಟಿಯಲ್ಲಿ ಇಳಿದು ಸ್ವಲ್ಪ ನಡೆಯಬೇಕು. ಸೋಮವಾರ ರಜೆ. ಅಲ್ಲಿ ಯಾರನ್ನಾದರೂ ವಿಚಾರಿಸುವಾಗ ‘ಜಾವಾ’ ಎಂದರೆ ತಿಳಿಯದಿರಬಹುದು, ಚೆಕ್ ಬಾಯಿಯಲ್ಲಿ ಅದು ‘ಯಾವಾ’.

ಇಂತಿ,
ನಿಮ್ಮ ಓದುಗರು, ಮೈಸೂರು